ಆರ್ಡರ್ ಬರುವ ಮೊದಲೇ ರಜಾ ಅರ್ಜಿ

ನಮ್ಮ ಮನೆಯ ಮಹಡಿಯ ಮೇಲೆ ಒಬ್ಬ ಎ.ಸಿ. ಸಾಹೇಬರು, ಇಬ್ಬರು ಪಿಎಸ್‌ಐ, ಒಬ್ಬ ಪಿಡಿಒ ಬಾಡಿಗೆಗಿದ್ದಾರೆ. ಇಷ್ಟು ಮಂದಿ ಅಧಿಕಾರಿಗಳು ಒಂದೇ ಸೂರಿನಡಿ ಇದ್ದರೂ ರಾತ್ರಿಯ ಗಂಗಾಳ ತೊಳೆಯುವವರು ಯಾರು ಎಂಬ ಕಡತ ಇನ್ನೂ ಇತ್ಯರ್ಥವಾಗಿಲ್ಲ. ನಾಲ್ವರಲ್ಲಿ ಯಾರಿಗೂ ನೇಮಕಾತಿ ಆದೇಶ ಬಂದಿಲ್ಲ ಎಂಬುದೊಂದು ಸಣ್ಣ ತಾಂತ್ರಿಕ ತೊಡಕು. ಧಾರವಾಡದ ಸಪ್ತಾಪುರದಲ್ಲಿ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಹೆಸರಿಡುವುದು ಊರಲ್ಲಿ ಅಜ್ಜಿಯ ಕೆಲಸ, ಹುದ್ದೆಯಿಡುವುದು ಇಲ್ಲಿ ಓಣಿಯ ಕೆಲಸ. “ಏ ಪಿಡಿಒ, ಬರುಮುಂದ ಎರಡು ಕಟ್ಟು ಮೆಂತ್ಯಾ ತಗೊಂಡು ಬಾರೋ” ಎಂದು ನನ್ನಾಕೆ ಕೂಗಿದರೆ, ಬೀದಿಯಲ್ಲಿ ಹೋಗುವ ಹತ್ತು ಹುಡುಗರಲ್ಲಿ ನಾಲ್ಕು ಮಂದಿ ಹೊರಳಿ ನೋಡುತ್ತಾರೆ.

ಸಪ್ತಾಪುರ ನೋಡದವರಿಗೆ ಎರಡು ಮಾತು. ಕೋಚಿಂಗ್ ಸೆಂಟರು, ಜೆರಾಕ್ಸ್ ಅಂಗಡಿ, ಖಾನಾವಳಿ, ತಿಂಗಳ ಲೆಕ್ಕದಲ್ಲಿ ಕ್ಯಾಬಿನ್ ಬಾಡಿಗೆ ಕೊಡುವ ಸ್ಟಡಿ ಲೈಬ್ರರಿ, ಮತ್ತೆ ಜೆರಾಕ್ಸ್ ಅಂಗಡಿ. ಗೋಡೆಗಳ ಮೇಲೆ ಆಯ್ಕೆಯಾದವರ ಫೋಟೋ. ಒಬ್ಬನೇ ಹುಡುಗ ಮೂರು ಕೋಚಿಂಗಿನ ಫ್ಲೆಕ್ಸಿನಲ್ಲಿ ಮೂರು ಬಣ್ಣದ ಶರ್ಟು ಹಾಕಿಕೊಂಡು ನಗುತ್ತಾನೆ. ಚಹಾದ ಗಾಡಿಯ ಮುಂದೆ ನಿಂತರೆ ಸಂವಿಧಾನದ ವಿಧಿಗಳು, ಹಣಕಾಸು ಆಯೋಗ, ನಿನ್ನೆಯ ಕೀ ಆನ್ಸರು ಎಲ್ಲ ಪುಕ್ಕಟೆ ಸಿಗುತ್ತವೆ. ಬೆಂಗಳೂರಿನ ವಿಜಯನಗರದ ಕಡೆಯೂ ಇದೇ ಲೋಕ, ಬಾಡಿಗೆ ಮಾತ್ರ ಜಾಸ್ತಿ.

ನಾನು ಸೇವೆಯನ್ನೆಲ್ಲ ಸರಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲೇ ಸವೆಸಿ ನಿವೃತ್ತನಾದವನು. ಯಾರಿಗೆ ಎಷ್ಟು ರಜೆ, ಯಾರಿಗೆ ಬಡ್ತಿ, ಯಾರಿಗೆ ನೋಟಿಸು, ಇದೇ ನನ್ನ ವೇದ. ಆದ್ದರಿಂದ ಕಟ್ಟೆಯ ಮೇಲೆ ಕೂತು ಈ ಹುಡುಗರನ್ನು ನೋಡುವಾಗ ನನ್ನ ಕಣ್ಣಿಗೆ ಬೀಳುವುದು ಅವರ ಜಾಣತನವಲ್ಲ, ಅವರ ಸೇವಾ ಷರತ್ತುಗಳು. ಇಷ್ಟು ಕೆಟ್ಟ ಷರತ್ತಿನ ಮೇಲೆ ದುಡಿಯುವ ನೌಕರನನ್ನು ನಾನು ಯಾವ ಇಲಾಖೆಯಲ್ಲೂ ಕಂಡಿಲ್ಲ. ವಾರದ ರಜೆಯಿಲ್ಲ, ಹಬ್ಬದ ರಜೆಯಿಲ್ಲ, ಊಟದ ಬಿಡುವಿಲ್ಲ, ಕೆಲಸ ಮುಗಿಯುವ ವೇಳೆಯಿಲ್ಲ, ನಿವೃತ್ತಿಯ ತಾರೀಖಿಲ್ಲ. ಮಾಲಕ ಯಾರು ಎಂದು ಕೇಳಿದರೆ ತಾನೇ. ಸಂಘ ಕಟ್ಟಿಕೊಂಡು ಯಾರ ವಿರುದ್ಧ ಧಿಕ್ಕಾರ ಕೂಗಬೇಕು?

ಒಂದು ದಿನ ಎ.ಸಿ. ಸಾಹೇಬರು ಮೆಟ್ಟಿಲಿಳಿದು ಬಂದರು. ಗಡ್ಡ ಬಿಟ್ಟಿದ್ದಾರೆ, ಕಣ್ಣು ಒಳಗೆ ಹೋಗಿವೆ.

“ಏನ್ ಸಾಹೇಬ್ರ, ಆರಾಮ ಇಲ್ಲೇನು?”

“ಆರಾಮ ಅದೀನ್ರಿ ಕಾಕಾ. ಓದಿದ್ದು ತಲಿಯಾಗ ನಿಂದ್ರವಲ್ದು, ಅಷ್ಟ.”

“ದಿನಾ ಎಷ್ಟ್ ತಾಸು ಓದ್ತೀರಿ?”

“ಹದಿನಾಲ್ಕ್ ತಾಸ್ರಿ.”

“ನಿದ್ದಿ?”

“ನಾಕ್ ತಾಸು. ಆಯ್ಕೆ ಆದಮ್ಯಾಲ ಮಾಡ್ತೀನ್ರಿ ನಿದ್ದಿ.”

ನಗು ಬಂತು. ಸರಕಾರಿ ನೌಕರಿ ಸೇರಿದ ಮೇಲೆ ನಿದ್ದೆ ಮಾಡಬಹುದೆಂದು ಈ ಹುಡುಗನಿಗೆ ಯಾರು ಹೇಳಿದರೋ! ಹೇಳಿದವರು ಪೂರ್ತಿ ಸುಳ್ಳು ಹೇಳಿಲ್ಲ ಬಿಡಿ. ಆದರೂ ಕೇಳಿದೆ, “ಅಮಾನತು ಅಂದ್ರ ಏನು ಗೊತ್ತದ ಏನ್ರಿ?” ಗೊತ್ತಿಲ್ಲದೆ ಏನು! ನಿಂತಲ್ಲೇ ಉತ್ತರ ಬಂತು: ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು. “ಬರೋಬ್ಬರಿ. ಅಮಾನತಾದ ನೌಕರಗೂ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಕೊಡ್ತದ ಸರಕಾರ. ಲಂಚ ತಿಂದು ಸಿಕ್ಕವಗೂ ಅನ್ನ ತಪ್ಪಸೂದಿಲ್ಲ. ನೀವು ಯಾ ತಪ್ಪೂ ಮಾಡದ ನಿಮ್ಮನ್ನ ನೀವ ಅಮಾನತು ಮಾಡ್ಕೊಂಡೀರಿ. ಗೆಳೆಯಾರು ಬಂದು, ಹಾಡು ಬಂದು, ಊರು ಬಂದು, ನಗೂದ ಬಂದು. ಭತ್ಯೆ ಎಲ್ಲೈತಿ?”

ಸಾಹೇಬರು ಸುಮ್ಮನೆ ನಿಂತರು. ಹೊರಡುವವರಂತೆ ಕಾಣಲಿಲ್ಲ. ಕೂರಿಸಿಕೊಂಡೆ. ಚಹಾ ಬಂತು. ಮಾತು ಅಲ್ಲಿಂದ ಬೆಳೆಯಿತು.

ನಾನು ಹೇಳಿದ್ದರ ತಾತ್ಪರ್ಯ ಇಷ್ಟೇ: ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ ತಪಸ್ಸಲ್ಲ, ಅದೂ ಒಂದು ನೌಕರಿ. ತಪಸ್ವಿಗೆ ರಜೆಯಿಲ್ಲ, ನೌಕರನಿಗಿದೆ. ಹೇಗಿದ್ದರೂ ಮುಂದೆ ಸರಕಾರಿ ಸೇವಾ ನಿಯಮಗಳಡಿಯೇ ಬದುಕಬೇಕೆಂದು ಹಟ ಹಿಡಿದಿದ್ದೀರಿ. 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳನ್ನು, ನಮ್ಮ ಬಾಯಲ್ಲಿ ಕೆ.ಸಿ.ಎಸ್.ಆರ್., ಇವತ್ತೇ ನಿಮ್ಮ ಮೇಲೆ ಜಾರಿ ಮಾಡಿಕೊಳ್ಳಿ. ಸಂಬಳ ಬರುವುದು ತಡವಾಗಬಹುದು, ಸವಲತ್ತು ಯಾಕೆ ತಡವಾಗಬೇಕು?

ಮೊದಲು ಕಚೇರಿ ವೇಳೆ. ನಮ್ಮ ರಾಜ್ಯದ ಸರಕಾರಿ ಕಚೇರಿ ಬೆಳಿಗ್ಗೆ 10ರಿಂದ ಸಂಜೆ 5.30. ಹದಿನಾಲ್ಕು ತಾಸಿನ ಕಚೇರಿ ಎಲ್ಲೂ ಇಲ್ಲ. ಸಪ್ತಾಪುರದ ಹದಿನಾಲ್ಕು ತಾಸನ್ನು ಬಿಡಿಸಿ ನೋಡಿ. ಅದರಲ್ಲಿ ಟೆಲಿಗ್ರಾಂ ಗ್ರೂಪಿನಲ್ಲಿ ನೋಟಿಫಿಕೇಶನ್ ಯಾವಾಗ ಎಂದು ಕೇಳಿದ್ದು, ಕಟಾಫ್ ಎಷ್ಟಾಗಬಹುದೆಂದು ಜಗಳವಾಡಿದ್ದು, ಟಾಪರ್ ಒಬ್ಬರ ಸಂದರ್ಶನ ನೋಡುತ್ತ ಅವರು ಯಾವ ಪೆನ್ನು ಬಳಸುತ್ತಿದ್ದರೆಂದು ತಿಳಿದುಕೊಂಡದ್ದು, ಪಿಡಿಎಫ್ ಇಳಿಸಿಕೊಂಡದ್ದು ಎಲ್ಲ ಸೇರಿದೆ. ಪಿಡಿಎಫ್ ಇಳಿಸುವುದು ಒಂದು ದೊಡ್ಡ ಸುಖ. ಇಳಿಸಿದ ಕೂಡಲೆ ಓದಿಯೇ ಬಿಟ್ಟೆವೆಂಬ ತೃಪ್ತಿ ಸಿಗುತ್ತದೆ. ನಮ್ಮ ಹಿರಿಯ ಪಿಎಸ್‌ಐ ಅವರ ಮೊಬೈಲಿನಲ್ಲಿರುವ ಪಿಡಿಎಫ್‌ಗಳನ್ನು ಮುದ್ರಿಸಿದರೆ ಅವರ ರೂಮಿನಲ್ಲಿ ಅವರಿಗೇ ಜಾಗವಿರುವುದಿಲ್ಲ.

ಉಳಿದ ತಾಸುಗಳಲ್ಲಿ ಓದಿದ್ದನ್ನೇ ಓದುವುದು. ಹಳದಿ ಗೀಟು, ಹಸಿರು ಗೀಟು, ಕೊನೆಗೆ ಗೀಟು ಹಾಕದ ಸಾಲೇ ಎದ್ದು ಕಾಣಬೇಕು, ಹಾಗೆ. ಇದನ್ನು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಮತ್ತೆ ಮತ್ತೆ ಓದಲು ಹೇಳಿದರು, ಇನ್ನೊಂದು ಗುಂಪಿಗೆ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ವಾರದ ನಂತರ ಕೇಳಿದರೆ ಮುಚ್ಚಿ ಬರೆದವರು ಮುಂದು. ಪರೀಕ್ಷೆ ಬರುವುದು ಐದು ನಿಮಿಷದ ನಂತರವಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆರೇಳು ತಾಸು ಓದಿ, ಒಂದು ತಾಸು ಪುಸ್ತಕ ಮುಚ್ಚಿ ತನಗೆ ತಾನೇ ಪ್ರಶ್ನೆ ಹಾಕಿಕೊಂಡು, ಸಂಜೆ ಕಚೇರಿಗೆ ಬೀಗ ಹಾಕಿದವನು ಹದಿನಾಲ್ಕು ತಾಸಿನವನಿಗೆ ಹೆದರಬೇಕಾಗಿಲ್ಲ.

“ಸಂಜಿಕಡೆ ಬೀಗಾ ಹಾಕಿ ಏನ್ ಮಾಡಲ್ರಿ ಕಾಕಾ?” ಎಂದರು ಸಾಹೇಬರು. ನೋಡಿ ಪಾಪ, ಮನುಷ್ಯ ಸಂಜೆ ಏನು ಮಾಡುತ್ತಾನೆಂಬುದೇ ಮರೆತಿದೆ. ಕೆಸಿಡಿ ಮೈದಾನ ಕಾಲ್ನಡಿಗೆಯಷ್ಟು ದೂರ. ಇನ್ನೂ ಸ್ವಲ್ಪ ಕಾಲು ಚಾಚಿದರೆ ಕೆಲಗೇರಿ ಕೆರೆ. ಪಿಎಸ್‌ಐಗಳು ದೈಹಿಕ ಪರೀಕ್ಷೆಯ ಭಯಕ್ಕಾದರೂ ಓಡುತ್ತಾರೆ. ಎ.ಸಿ.ಗೆ ಓಟವಿಲ್ಲವಲ್ಲ, ಅದಕ್ಕೇ ಕುರ್ಚಿ ಬಿಟ್ಟು ಏಳುವುದಿಲ್ಲ. ಮೈ ಬೆವರಿದರೆ ಮನಸ್ಸು ಹಗುರಾಗುವುದು ವೈದ್ಯರು ಬಾಯಿಮಾತಿಗೆ ಹೇಳುವುದಲ್ಲ. ನಿತ್ಯದ ನಡಿಗೆ, ಓಟಗಳು ಆತಂಕವನ್ನೂ ಖಿನ್ನತೆಯನ್ನೂ ತಗ್ಗಿಸುತ್ತವೆ, ನಿದ್ದೆಯನ್ನು ಸುಧಾರಿಸುತ್ತವೆ.

ನಿದ್ದೆಯ ಮಾತು ಬಂತು. ಅದು ಸೋಮಾರಿತನದ ಶೀರ್ಷಿಕೆಯಡಿ ಬರುವ ಖರ್ಚಲ್ಲ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿ ಜೋಡಿಸಿಡುವುದು ನಿದ್ದೆಯಲ್ಲೇ. ಹಗಲೆಲ್ಲ ಬಂದ ಟಪಾಲನ್ನು ರಾತ್ರಿ ಪಾಳಿಯ ಗುಮಾಸ್ತ ಆಯಾ ಕಡತಕ್ಕೆ ಸೇರಿಸುತ್ತಾನೆ. ನೀವು ನಾಲ್ಕೇ ತಾಸಿಗೆ ಅವನನ್ನು ಎಬ್ಬಿಸಿ ಕಳಿಸಿದರೆ ಮೌರ್ಯರ ಕಾಗದ ಚಾಲುಕ್ಯರ ಕಡತಕ್ಕೆ ಹೋಗಿ ಕೂರುತ್ತದೆ. ಇನ್ನು ಚಹಾ. ಅದರಲ್ಲಿರುವ ಕೆಫೀನಿನ ಅರ್ಧದಷ್ಟು ದೇಹ ಬಿಟ್ಟು ಹೋಗಲು ಸುಮಾರು ಐದು ತಾಸು ಬೇಕು. ರಾತ್ರಿ ಹತ್ತಕ್ಕೆ “ಒಂದ ಹಾಫ್ ಕುಡದು ಕೂಡೂಣು” ಎಂದು ಹೋದವರಿಗೆ ನಸುಕಿನ ಮೂರಕ್ಕೂ ಅದು ಜೊತೆ ಕೊಡುತ್ತದೆ. ಓದಲು ಅಲ್ಲ, ಸುಮ್ಮನೆ ತೊಲೆ ಎಣಿಸಲು.

ಎರಡನೆಯದು ರಜೆ. ರಾಜ್ಯ ಸರಕಾರಿ ನೌಕರನಿಗೆ ಭಾನುವಾರವಿದೆ, ಎರಡನೇ ಶನಿವಾರವಿದೆ, 2019ರಿಂದ ನಾಲ್ಕನೇ ಶನಿವಾರವೂ ಇದೆ. ಅದನ್ನು ಕೊಟ್ಟ ಸರಕಾರ ಇನ್ನೊಂದು ಕೈಯಿಂದ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಆಗ ನಮ್ಮ ನೌಕರರು ಮಾಡಿದ ಗದ್ದಲದ ಕಾಲುಭಾಗವನ್ನಾದರೂ ಈ ಹುಡುಗರು ತಮ್ಮ ಭಾನುವಾರಕ್ಕಾಗಿ ಮಾಡಿದ್ದರೆ ಇವತ್ತು ಕಣ್ಣಿನ ಕೆಳಗೆ ಕಪ್ಪು ಬರುತ್ತಿರಲಿಲ್ಲ. ವರ್ಷಕ್ಕೆ 30 ದಿನದ ಗಳಿಕೆ ರಜೆ ಬೇರೆ. ಇಷ್ಟೆಲ್ಲ ರಜೆಯ ಆಸೆಗೇ ಈ ನೌಕರಿ ಬೇಕೆನ್ನುವವರು ಈಗ ಎಳ್ಳ ಅಮಾಸಿಗೆ ಊರಿಗೆ ಹೋಗುವುದಿಲ್ಲ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ಕಡುಬು, ಪುಂಡಿಪಲ್ಯ ತಿಂದು ಬರಬೇಕಾದವರು ಕ್ಯಾಬಿನ್ನಿನಲ್ಲಿ ಕೂತು “ಚರಗ ಚೆಲ್ಲುವ ಆಚರಣೆ ಈ ಕೆಳಗಿನ ಯಾವ ಪ್ರದೇಶಕ್ಕೆ ಸಂಬಂಧಿಸಿದೆ?” ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ.

ಊರಿಗೆ ಹೋಗದಿರಲು ಓದು ಕಾರಣವಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಕಾರಣ ಬಸ್‌ಸ್ಟ್ಯಾಂಡಿನಲ್ಲೇ ಕಾದು ಕೂತಿರುತ್ತದೆ. “ಏನೋ ತಮ್ಮಾ, ಯಾವಾಗ ಬಂದಿ? ಏನ್ ಮಾಡಾಕತ್ತೀ ಈಗ? ಇನ್ನೂ ಓದಾಕತ್ತೀಯಾ?” ಈ ‘ಇನ್ನೂ’ ಎಂಬಲ್ಲಿ ಹಾಕುವ ಒತ್ತು ಇದೆಯಲ್ಲ, ಕಟಾಫಿಗಿಂತ ಅದೇ ಹೆಚ್ಚು ಕೊಲ್ಲುತ್ತದೆ. ನಮ್ಮಲ್ಲಿ ನೌಕರನ ವಾರ್ಷಿಕ ಗೌಪ್ಯ ವರದಿಯನ್ನು ಬರೆಯಲು ಒಬ್ಬ ಮೇಲಧಿಕಾರಿ ಇರುತ್ತಾನೆ. ಇವರದನ್ನು ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಪಂಕ್ತಿಗೆ ಕೂತ ಎಲ್ಲರೂ ಬರೆಯುತ್ತಾರೆ. ಗೌಪ್ಯವಾಗಿ ಏನಲ್ಲ, ಸಾರು ಬಡಿಸುವವನಿಗೂ ಕೇಳುವಂತೆ.

ಇದಕ್ಕೆ ಮದ್ದು ಕಂಡುಹಿಡಿದವಳು ನಮ್ಮ ಎದುರು ಮನೆಯ ಪಿ.ಜಿ.ಯಲ್ಲಿರುವ ಹುಡುಗಿ. ಓಣಿಯವರಿಗೆಲ್ಲ ಅವಳು ‘ಡಿವೈಎಸ್ಪಿ ಅಕ್ಕ’. ಹುಡುಗರಿಗೆ ಒಂದೇ ಗಡಿಯಾರವಾದರೆ ಹುಡುಗಿಯರಿಗೆ ಎರಡು: ಒಂದು ವಯೋಮಿತಿಯದು, ಇನ್ನೊಂದು ಕನ್ಯಾರ್ಥಿಗಳದು. “ಈ ವರ್ಷ ಆಗಲಿಲ್ಲಂದ್ರ ಮುಂದಿನ ವರ್ಷ ಅಕ್ಕಿಕಾಳು” ಎಂದು ಮನೆಯವರು ಅಧಿಸೂಚನೆ ಹೊರಡಿಸಿಯಾಗಿರುತ್ತದೆ. ಒಂದು ಮದುವೆಯಲ್ಲಿ ದೂರದ ಅತ್ತೆಯೊಬ್ಬರು ಊಟದ ನಡುವೆ ಅವಳನ್ನು ಹಿಡಿದರಂತೆ, “ರಿಜಲ್ಟ್ ಏನಾತವಾ?” ಅಕ್ಕ ಹೋಳಿಗೆ ಮುರಿಯುತ್ತಲೇ, “ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕ್ರಿ ಅತ್ತಿ. 2005ರ ಕಾಯ್ದೆ. ಹತ್ತು ರೂಪಾಯಿ ಫೀ ಕಟ್ಟಿದ್ರ ಮೂವತ್ತು ದಿನದಾಗ ಉತ್ತರ ಬರ್ತದ” ಎಂದಳಂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತೆಯೂ ನಕ್ಕರು. ನಕ್ಕ ಮೇಲೆ ಮತ್ತೆ ಕೇಳುವುದಕ್ಕೆ ಬಾಯಿ ಬರಲಿಲ್ಲ. ಉತ್ತರ ಒಂದನ್ನು ಮೊದಲೇ ತಯಾರು ಮಾಡಿ ಇಟ್ಟುಕೊಂಡರೆ ಪ್ರಶ್ನೆಯ ಹೆದರಿಕೆ ಅರ್ಧ ಹೋಗುತ್ತದೆ. ಪರೀಕ್ಷೆಗೆ ಸಾವಿರಾರು ಉತ್ತರ ಕಲಿಯುವವರು ಊರಿಗೆ ಹೋಗಲು ಒಂದು ಕಲಿಯಬಾರದೇ?

ಮೂರನೆಯದು ಇಲಾಖಾ ವಿಚಾರಣೆ. ಇದು ರಾತ್ರಿ ಎರಡು ಗಂಟೆಗೆ, ದೀಪ ಆರಿಸಿ ಮಲಗಿದ ಮೇಲೆ ಶುರುವಾಗುತ್ತದೆ. ‘ಅಪ್ಪ ಸೊಸೈಟಿ ಸಾಲ ತೆಗೆದು ಕಳಿಸಿದ್ದು ಏನಾಯಿತು? ಜೊತೆಗೆ ಓದಿದವನು ಕಾರು ಕೊಂಡ, ನೀನು? ಹೋದ ಸಲ ಎರಡು ಅಂಕಕ್ಕೆ ಹೋಯಿತಲ್ಲ, ಆ ಒಂದು ಪ್ರಶ್ನೆಗೆ ಉತ್ತರ ತಿದ್ದಬೇಡವೆಂದರೂ ಯಾಕೆ ತಿದ್ದಿದೆ?’ ಆರೋಪಿ ತಾನೇ, ಸಾಕ್ಷಿ ತಾನೇ, ತೀರ್ಪು ಕೊಡುವವನೂ ತಾನೇ. ನಮ್ಮ 1957ರ ಸಿಸಿಎ ನಿಯಮಗಳ ಪ್ರಕಾರ ಒಬ್ಬ ಜವಾನನನ್ನು ಮನೆಗೆ ಕಳಿಸಬೇಕಾದರೂ ಆರೋಪಗಳನ್ನು ಬರವಣಿಗೆಯಲ್ಲಿ ಕೊಡಬೇಕು, ಅವನ ಲಿಖಿತ ಹೇಳಿಕೆ ಪಡೆಯಬೇಕು, ಅವನ ಮಾತು ಕೇಳಬೇಕು. ಬಾಯಿಮಾತಿನ ವಿಚಾರಣೆ ಎಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ನಾನು ಸಾಹೇಬರಿಗೆ ಹೇಳಿದೆ, “ನಿಮ್ಮ ಮ್ಯಾಲಿನ ಆರೋಪಪಟ್ಟಿ ಕಾಗದದ ಮ್ಯಾಲ ಬರೀರಿ. ಎದುರಿಗೆ ನಿಮ್ಮ ಹೇಳಿಕಿ ಬರೀರಿ. ಹಗಲಹೊತ್ತಿನ್ಯಾಗ.”

ಇದನ್ನು ನಾನು ಕಚೇರಿಯ ಚಾಳಿಗೆ ಹೇಳಿದ್ದು. ಆದರೆ ಇದಕ್ಕೂ ಆಧಾರವಿದೆ. ಷಿಕಾಗೋ ವಿಶ್ವವಿದ್ಯಾಲಯದ ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ತುಸು ಮೊದಲು ಹತ್ತು ನಿಮಿಷ ತಮ್ಮ ಹೆದರಿಕೆಗಳನ್ನು ಬರೆದ ಹುಡುಗರು, ಅದರಲ್ಲೂ ಹೆಚ್ಚು ಹೆದರುವವರು, ಬರೆಯದವರಿಗಿಂತ ಚೆನ್ನಾಗಿ ಉತ್ತರಿಸಿದರು. ಹೆದರಿಕೆ ತಲೆಯೊಳಗೇ ಸುತ್ತುತ್ತಿದ್ದರೆ ಲೆಕ್ಕ ಬಿಡಿಸಲು ಬೇಕಾದ ಗಮನವನ್ನೂ ಅದೇ ತಿನ್ನುತ್ತದೆ. ಕಾಗದಕ್ಕೆ ಇಳಿದರೆ ತಲೆಯಲ್ಲಿ ಜಾಗ ಬಿಡುತ್ತದೆ.

ಹಾಗೆಂದು ಹೆದರಿಕೆಯನ್ನು ಪೂರ್ತಿ ಓಡಿಸಬೇಡಿ. 1908ರಲ್ಲಿ ಯರ್ಕಿಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳಿಗೆ ಸಣ್ಣ ಕರೆಂಟು ಕೊಟ್ಟು ಪಾಠ ಕಲಿಸಲು ಹೊರಟಿದ್ದರು. ಕೆಲಸ ಕಠಿಣವಿದ್ದಾಗ ತೀರ ಕಡಿಮೆ ಕರೆಂಟಿಗೆ ಇಲಿ ಲಕ್ಷ್ಯ ಕೊಡಲಿಲ್ಲ, ತೀರ ಹೆಚ್ಚಿಗೆ ಕಲಿಯುವುದೇ ನಿಧಾನವಾಯಿತು. ನಡುಮಟ್ಟದ್ದಕ್ಕೆ ಬೇಗ ಕಲಿಯಿತು. ಇದನ್ನು ಕೇಳಿದ ಕಿರಿಯ ಪಿಎಸ್‌ಐ, “ನಮ್ಮ ರೂಮಿನ ಇಲಿಗೆ ಕರೆಂಟು ಬ್ಯಾಡ್ರಿ ಕಾಕಾ, ಲಕ್ಷ್ಮೀಕಾಂತ್ ಪುಸ್ತಕದಾಗ ಮೂಲಭೂತ ಹಕ್ಕು ಪೂರಾ ತಿಂದು ಮುಗಿಸೈತಿ” ಎಂದ. ಅಷ್ಟು ಅಧ್ಯಯನಶೀಲ ಇಲಿಗೆ ನಾವು ಹೇಳಿಕೊಡುವುದೇನಿದೆ! ಮನುಷ್ಯರಿಗೆ ಮಾತ್ರ ಪರೀಕ್ಷಾ ಹಾಲಿನಲ್ಲಿ ಎದೆ ಹೊಡೆದುಕೊಂಡರೆ ಒಂದು ಸುಲಭದ ಉಪಾಯ: ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ಐದಾರು ಸಲ ಹಾಗೆ ಮಾಡಿದರೆ ಎದೆಬಡಿತ ಇಳಿಯುತ್ತದೆ. ಒಎಂಆರ್ ಹಾಳೆ ಅಷ್ಟರಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಾಲ್ಕನೆಯದು ಹೊಣೆ ನಿಗದಿ. ಸರಕಾರದಲ್ಲಿ ಏನಾದರೂ ಕೆಟ್ಟರೆ ಮೊದಲು ಮಾಡುವ ಕೆಲಸವೆಂದರೆ ಇದು ಯಾವ ಶಾಖೆಯ ತಪ್ಪೆಂದು ಗೊತ್ತುಪಡಿಸುವುದು. ನಮ್ಮದಲ್ಲದ್ದನ್ನು ನಾವು ತಲೆಯ ಮೇಲೆ ಹಾಕಿಕೊಂಡದ್ದೇ ಇಲ್ಲ, ಆ ಕಲೆಯಲ್ಲಿ ನಾವು ಪಳಗಿದವರು. ಈ ಹುಡುಗರು ನೋಡಿ, ಎಲ್ಲ ಇಲಾಖೆಯ ತಪ್ಪನ್ನೂ ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ. ನಮ್ಮ ಹಿರಿಯ ಪಿಎಸ್‌ಐ 2021ರ ಅಕ್ಟೋಬರಿನಲ್ಲಿ 545 ಹುದ್ದೆಗಳ ಪರೀಕ್ಷೆ ಬರೆದವನು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎ.ಸಿ. ಸಾಹೇಬರದು ಇನ್ನೊಂದು ಕತೆ. 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆಯಿತು, ಕನ್ನಡ ಪ್ರಶ್ನೆಪತ್ರಿಕೆಯ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಆಗಲೂ ತಪ್ಪುಗಳ ದೂರು ಬಂದವು. 2025ರಲ್ಲಿ ಅಧಿಸೂಚನೆ ಹೊರಡಿಸಿರೆಂದು ಸಾವಿರಾರು ಹುಡುಗರು ಇದೇ ಧಾರವಾಡದ ಬೀದಿಗಿಳಿದರು. ಇಷ್ಟೆಲ್ಲ ಆದಮೇಲೂ ರಾತ್ರಿ ಎರಡಕ್ಕೆ ಹಿರಿಯ ಪಿಎಸ್‌ಐ ತನ್ನನ್ನೇ ಕೇಳಿಕೊಳ್ಳುತ್ತಾನೆ, ‘ಇಷ್ಟ್ ವರ್ಷ ನಾ ಏನ್ ಮಾಡಿದೆ?’ ಅಯ್ಯಾ ಮಾರಾಯ, ನೀನು ಓದಿದೆ, ಬರೆದೆ, ಕಾದೆ. ಉಳಿದದ್ದು ಬೇರೆ ಶಾಖೆಗೆ ಸಂಬಂಧಿಸಿದ್ದು. ಆ ಕಾಗದವನ್ನು ಅವರಿಗೆ ರವಾನಿಸಿ ನಿಶ್ಚಿಂತನಾಗಿರು. ಬೇಕಿದ್ದರೆ ಬೀದಿಗಿಳಿದು ಕೇಳು, ಅದು ನಿನ್ನ ಹಕ್ಕು. ನಿನ್ನನ್ನೇ ಬೈದುಕೊಂಡರೆ ಅಧಿಸೂಚನೆ ಹೊರಬೀಳುವುದಿಲ್ಲ.

ಲೆಕ್ಕವನ್ನೂ ನೋಡಬೇಕು. ಆ 384 ಹುದ್ದೆಗೆ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದಿದ್ದವು. ಸಾವಿರಕ್ಕೆ ಇಬ್ಬರೂ ಪೂರ್ತಿ ಆಗುವುದಿಲ್ಲ. ಉಳಿದ ಒಂಬೈನೂರ ತೊಂಬತ್ತೆಂಟು ಮಂದಿ ದಡ್ಡರೆನ್ನುವುದಾದರೆ ರಾಜ್ಯದಲ್ಲಿ ಬುದ್ಧಿವಂತರ ಜನಗಣತಿಯನ್ನು ಬೇರೆಯಾಗಿ ಮಾಡಬೇಕಾದೀತು. ಕುರ್ಚಿ ಕಡಿಮೆ, ಕೂರುವವರು ಹೆಚ್ಚು. ಇದರಲ್ಲಿ ನಿಮ್ಮ ಬೆಲೆಯ ಪ್ರಶ್ನೆ ಎಲ್ಲಿಂದ ಬಂತು?

ಐದನೆಯದು ವೈದ್ಯಕೀಯ ರಜೆ. ಇಲ್ಲಿ ಸ್ವಲ್ಪ ಹೊತ್ತು ಚೇಷ್ಟೆ ಬಿಡುತ್ತೇನೆ. ಪರೀಕ್ಷೆಯ ಮುಂಚಿನ ಹೊಟ್ಟೆ ತೊಳಸುವಿಕೆ, ಫಲಿತಾಂಶದ ನಂತರ ನಾಲ್ಕು ದಿನದ ಬೇಸರ, ಇವು ಎಲ್ಲರಿಗೂ ಇದ್ದದ್ದೇ. ಆದರೆ ಎರಡು ವಾರವಾದರೂ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಹುಡುಗ ಖಾನಾವಳಿಗೂ ಬಾರದೆ ಒಳಗಿಂದ ಚಿಲಕ ಹಾಕಿಕೊಂಡು ಕೂತಿದ್ದರೆ, ಅದು ‘ಸೀರಿಯಸ್ ಆಗಿ ಓದಾಕತ್ತಾನ’ ಅಲ್ಲ. ‘ನಾ ಇದ್ದು ಏನುಪಯೋಗ’ ಎಂಬ ಮಾತು ಒಮ್ಮೆ ಬಾಯಿಂದ ಬಂದರೂ ಎರಡು ವಾರ ಕಾಯುವಂತಿಲ್ಲ. ಅವನನ್ನು ಒಬ್ಬನನ್ನೇ ಬಿಡಬಾರದು, ಅವತ್ತೇ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾದೀತೆಂಬ ಭಯ ಬೇಡ. “ಜೀವಕ್ಕ ಏನರ ಮಾಡ್ಕೋಬೇಕು ಅನಸ್ತದೇನೋ ತಮ್ಮಾ?” ಎಂದು ಕೇಳಿದರೆ ಬಹಳ ಸಲ ಆ ಭಾರ ಅಲ್ಲಿಯೇ ಅರ್ಧ ಇಳಿಯುತ್ತದೆ.

ಸರಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅರ್ಜಿ ಬೇಡ, ಜಾತಿ ಪ್ರಮಾಣಪತ್ರ ಬೇಡ, ಆಧಾರ್ ಜೆರಾಕ್ಸೂ ಬೇಡ. ಸರಕಾರದಲ್ಲಿ ಇಷ್ಟು ಸುಲಭವಾಗಿ ಸಿಗುವ ಸೇವೆಯನ್ನು ನಾನಂತೂ ಇನ್ನೊಂದು ನೋಡಿಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಹಳಬರು ಅದಕ್ಕೆ ಇನ್ನೂ ಹಳೆಯ ಹೆಸರನ್ನೇ ಹೇಳಿ ಮೂಗು ಮುರಿಯುತ್ತಾರೆ. ಅಲ್ಲಿಗೆ ಹೋದರೆ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಬರುತ್ತದೆಯೇ ಎಂದು ನಮ್ಮ ಪಿಡಿಒ ಕಿವಿಯಲ್ಲಿ ಕೇಳಿದ. ಪೊಲೀಸರು ನೋಡುವುದು ನಿನ್ನ ಮೇಲೆ ಕೇಸು ಇದೆಯೇ ಎಂದು, ನಿನಗೆ ನಿದ್ದೆ ಬಂತೇ ಎಂದಲ್ಲ. ಕಾಲು ಮುರಿದರೆ ಮೂಳೆ ಡಾಕ್ಟರಲ್ಲಿಗೆ ಹೋಗಲು ನೀನು ಯಾರ ಪೂರ್ವಾನುಮತಿ ಕೇಳುತ್ತೀ?

ಕೊನೆಯದು ನಿವೃತ್ತಿ. ಸರಕಾರಿ ನೌಕರನಿಗೆ 60 ತುಂಬಿದ ತಿಂಗಳ ಕೊನೆಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸುತ್ತಾರೆ. ಆ ತಾರೀಖು ಸೇವೆಗೆ ಸೇರಿದ ದಿನವೇ ಗೊತ್ತಿರುತ್ತದೆ. ತಯಾರಿಗೂ ಅಂಥದೊಂದು ತಾರೀಖು ಬೇಕು. ಯುಪಿಎಸ್‌ಸಿ ತಾನೇ ಗೆರೆ ಹಾಕಿದೆ: ಸಾಮಾನ್ಯ ವರ್ಗಕ್ಕೆ 32 ವರ್ಷ, ಆರು ಯತ್ನ. ನಮ್ಮ ರಾಜ್ಯ ಸರಕಾರ ಮಾತ್ರ ದೊಡ್ಡ ಮನಸ್ಸಿನದು, ಆಗಾಗ ವಯೋಮಿತಿ ಸಡಿಲಿಸುತ್ತದೆ. ನೇಮಕಾತಿ ತಡ ಮಾಡಿದ ಮೇಲೆ ಅದು ನ್ಯಾಯವೇ. ಆದರೆ ಸಡಿಲಿಕೆಯ ಆದೇಶ ಬಂದ ದಿನ ಮಹಡಿಯ ಮೇಲೆ ಒಬ್ಬ ಕುಣಿಯುತ್ತಾನೆ, ಇನ್ನೊಬ್ಬ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಮುಗಿಯಿತಲ್ಲ ಎಂದು ಆಗಷ್ಟೇ ಅವನು ನಿಟ್ಟುಸಿರು ಬಿಟ್ಟಿರುತ್ತಾನೆ. ತನ್ನ ತಾರೀಖನ್ನು ತಾನೇ ಬರೆದಿಟ್ಟುಕೊಂಡವನಿಗೆ ಈ ಪೀಕಲಾಟವಿಲ್ಲ. ಇಂಥ ವರ್ಷದವರೆಗೆ, ಇಷ್ಟು ಯತ್ನ, ಅಲ್ಲಿಯವರೆಗೆ ಪಕ್ಕದಲ್ಲಿ ಒಂದು ಸಣ್ಣ ದುಡಿಮೆ, ಆಮೇಲೆ ಬೇರೆ ದಾರಿ. ನಾಗರಿಕ ಸೇವೆಗೆ ಓದಿದವನು ಕಾನೂನು, ಇತಿಹಾಸ, ಲೆಕ್ಕ, ಪ್ರಬಂಧ ಎಲ್ಲದರಲ್ಲೂ ಕೈಯಾಡಿಸಿರುತ್ತಾನೆ. ಅದು ವ್ಯರ್ಥವೆನ್ನುವವರು ಅವನೆದುರು ಒಂದು ಅರ್ಜಿ ಬರೆದು ತೋರಿಸಲಿ.

ಇಷ್ಟು ಭಾಷಣ ಮುಗಿಯುವಷ್ಟರಲ್ಲಿ ನಾಲ್ವರೂ ಕೆಳಗಿಳಿದಿದ್ದರು, ಡಿವೈಎಸ್ಪಿ ಅಕ್ಕ ಗೇಟಿಗೆ ಒರಗಿ ನಿಂತಿದ್ದಳು, ನನ್ನಾಕೆ ಮಂಡಕ್ಕಿ ಒಗ್ಗರಣೆ ಹಾಕಿ ತಂದಿದ್ದಳು. ನಾನು ಹಳೆಯ ಹುರುಪಿಗೆ ಒಂದು ಹಾಳೆ ತೆಗೆದು ಕಚೇರಿ ಆದೇಶವನ್ನೇ ಬರೆದುಬಿಟ್ಟೆ.

“ಮಹಡಿಯ ಸಮಸ್ತ ಅಧಿಕಾರಿಗಳಿಗೆ ಈ ಮೂಲಕ ಆದೇಶಿಸುವುದೇನೆಂದರೆ: ಒಂದು, ರಾತ್ರಿ ಹನ್ನೊಂದರ ನಂತರ ದೀಪ ಉರಿದರೆ ವಿದ್ಯುತ್ ಬಿಲ್ಲನ್ನು ಸಂಬಂಧಪಟ್ಟವರಿಂದಲೇ ವಸೂಲಿ ಮಾಡಲಾಗುವುದು. ಎರಡು, ಭಾನುವಾರ ಮಧ್ಯಾಹ್ನದ ನಂತರ ಪುಸ್ತಕ ತೆರೆದವರಿಗೆ ಕಾರಣ ಕೇಳಿ ನೋಟಿಸು. ಮೂರು, ದಿನಕ್ಕೊಮ್ಮೆ ಪರೀಕ್ಷೆಯ ಮಾತಿಲ್ಲದ ಅರ್ಧ ತಾಸಿನ ಹರಟೆ ಕಡ್ಡಾಯ, ಹಾಜರಾತಿ ತೆಗೆದುಕೊಳ್ಳಲಾಗುವುದು. ನಾಲ್ಕು, ಒಬ್ಬ ಅಧಿಕಾರಿ ಎರಡು ಹೊತ್ತು ಊಟಕ್ಕೆ ಬಾರದಿದ್ದರೆ ಉಳಿದವರು ಬಾಗಿಲು ಬಡಿಯತಕ್ಕದ್ದು. ಐದು, ಎ.ಸಿ. ಸಾಹೇಬರಿಗೆ ಬರುವ ಅಮಾಸಿಗೆ ಮೂರು ದಿನದ ಸಾಂದರ್ಭಿಕ ರಜೆ ಮಂಜೂರಾಗಿದೆ. ಪ್ರತಿ: ಖಾನಾವಳಿಯ ಕಾಕು ಅವರಿಗೆ ಮಾಹಿತಿಗಾಗಿ. ಸೋದರಮಾವಂದಿರಿಗೆ, ಪ್ರಶ್ನೆ ಕೇಳದಿರುವಂತೆ ಸೂಚನೆಯೊಂದಿಗೆ. ರಕ್ಷಾ ಕಡತ.”

ಸಾಹೇಬರು ಆದೇಶವನ್ನು ಎರಡು ಸಲ ಓದಿದರು. ಓದಿದವರಲ್ಲವೇ, ತಪ್ಪು ಹುಡುಕದೆ ಬಿಡುತ್ತಾರೆಯೇ?

“ಕಾಕಾ, ಇದು ಊರ್ಜಿತ ಆಗೂದಿಲ್ರಿ.”

“ಯಾಕ್ರಿ?”

“ಮೂರು ದಿನದ ರಜಾ ಅಂದ್ರ ಬಸ್ ಚಾರ್ಜು, ಖರ್ಚು. ಆರ್ಥಿಕ ಇಲಾಖೆ ಸಹಮತಿ ಎಲ್ಲೈತಿ?”

ಆರ್ಥಿಕ ಇಲಾಖೆಯೆಂದರೆ ಅಪ್ಪ. ಊರಲ್ಲಿ ಮೂರು ಎಕರೆ ಬೆದ್ದಲು ಹೊಲ, ಎರಡು ಎಮ್ಮೆ. ಅಲ್ಲೇ ಫೋನ್ ಹಚ್ಚಿಸಿ ಸ್ಪೀಕರಿಗೆ ಹಾಕಿಸಿದೆ. ಸಾಹೇಬರು ತೊದಲುತ್ತ, ‘ಅಪ್ಪಾ, ಅಮಾಸಿಗೆ ಬರಬೇಕಂತ ಮಾಡೇನಿ, ಓದು ಏನೂ ಹಾಳಾಗೂದಿಲ್ಲ, ಮನಿಮಾಲಕ್ರು ನಿಯಮದಾಗ ಐತಿ ಅಂತಾರ...’ ಎಂದು ಪೀಠಿಕೆ ಹಾಕುತ್ತಲೇ ಇದ್ದರು. ಆ ಕಡೆಯಿಂದ ಇಲಾಖೆ ಕಡತವನ್ನು ಪೂರ್ತಿ ಓದುವ ಗೋಜಿಗೇ ಹೋಗಲಿಲ್ಲ.

“ಬಾರೋ ಮಾರಾಯಾ, ಬ್ಯಾಡಂದವ್ರು ಯಾರು? ಬರುಮುಂದ ಎಮ್ಮಿಗೆ ಒಂದ್ ಚೀಲ ಹಿಂಡಿ ತಗೊಂಡು ಬಾ.”

ಷರತ್ತುಬದ್ಧ ಸಹಮತಿ. ಸೇವಾ ನಿಯಮದ ಪ್ರಕಾರ ಅದೂ ಸಹಮತಿಯೇ.